ನೂರಿಸಳ ಒಂಬತ್ತನೆಯ ಹಾಡು

ಮೊನ್ನೆ ಕೂಡ ಒಬ್ಬ ಬಂದಿದ್ದ, ರಾಜಧಾನಿ ಬೊಗೊತಾ ಕಡೆಯವನು, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು. ನೂರಿಸ್ ಹಾಡುವುದನ್ನು ಯಾಕೆ ಬಿಟ್ಟಳು, ಎರಡನೆಯ ಆಲ್ಬಂ ಯಾವಾಗ ಬರುತ್ತದೆ ಅಂತ ಕೇಳಿದ. ನಾನು ಅಂಗಳದಲ್ಲಿ ಮರಗೆಣಸು ಸುಲಿಯುತ್ತಿದ್ದೆ. "ನಿಮ್ಮಜ್ಜಿ ಇದಾಳೇನಯ್ಯಾ?" ಅಂದೆ. "ಇದಾರೆ," ಅಂದ. "ಹಾಗಾದ್ರೆ ಹೋಗಿ ಅವಳ ಹತ್ರ ಕೂತ್ಕೋ. ಇಲ್ಲಿ ಯಾಕೆ ಬಿಸಿಲಲ್ಲಿ ಬೇಯ್ತೀಯಾ?" ಅಂತ ಅಟ್ಟಿಬಿಟ್ಟೆ. ಅವನು ಹೋದ ಮೇಲೆ ನನಗೇ ಬೇಜಾರಾಯಿತು. ಪಾಪ, ಅವನೇನು ಮಾಡಿದ್ದ? ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ಈಗ ಹೇಳುತ್ತೇನೆ.

ನಾನು ಎವಾರಿಸ್ತೊ, ನೂರಿಸಳ ದೊಡ್ಡಪ್ಪ, ಕಾನ್ಯಾಬ್ರಾವಾ ಊರಿನ ಸಾವಿನ ಡೋಲಿನವನು. ನನ್ನಪ್ಪ ಇದನ್ನೇ ಬಡಿದ, ಅವನಪ್ಪನೂ ಇದನ್ನೇ ಬಡಿದ. ನನ್ನ ತಾಯಿ ಮಾ ಹಿಲ್ದಾ ಊರಿನ ಮುಂದಾಳು ಹಾಡುಗಾರ್ತಿ; ಚಿಕ್ಕಮ್ಮಂದಿರೆಲ್ಲ ಬದುಕಿರುವವರೆಗೂ ಅವಳ ಹಿಂದೆ ದನಿಗೂಡಿಸಿದವರು. ನಮ್ಮ ಮನೆಯಲ್ಲಿ ಹಾಡದೆ ಇದ್ದದ್ದು ಬೆಕ್ಕೊಂದೇ, ಅದೂ ಹಸಿವಾದಾಗ ಸುಮಾರಾಗಿಯೇ ರಾಗ ಎಳೆಯುತ್ತಿತ್ತು.

ನಮ್ಮಲ್ಲಿ ಸತ್ತವರು ತಾವಾಗಿ ಹೋಗುವುದಿಲ್ಲ, ಹೆಸರು ಹಿಡಿದು ಕೂಗಿ ಕಳಿಸಬೇಕು. ಉಸಿರು ನಿಂತ ಗಳಿಗೆಯಲ್ಲಿ ನಾನು ಪೆಚಿಚೆ ಬಡಿಯುತ್ತೇನೆ. ಅದು ನನ್ನ ಎದೆಯೆತ್ತರದ ಡೋಲು. ಸಾವಿನ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಅದಕ್ಕೆ ಕೈ ಸೋಕಿಸುವಂತಿಲ್ಲ. ಆ ಸದ್ದು ಕೇಳಿದರೆ ಗದ್ದೆಯಲ್ಲಿದ್ದವನು ಕತ್ತಿ ಬಿಟ್ಟು ಬರುತ್ತಾನೆ, ಒಲೆಯ ಮುಂದಿದ್ದವಳು ಒಲೆ ಆರಿಸಿ ಬರುತ್ತಾಳೆ. ಮುಂದಾಳು ಸತ್ತವರ ಹೆಸರು ಕೂಗಿ ಹಾಡುತ್ತಾಳೆ, ಊರು ಅದೇ ಹೆಸರನ್ನು ತಿರುಗಿ ಕೂಗುತ್ತದೆ. ಹೀಗೆ ಒಂಬತ್ತು ದಿನ. ಒಂಬತ್ತನೆಯ ದಿನ ಬೆಳಕು ಹರಿಯುವಾಗ ಕೊನೆಯ ಕೂಗು. ಅದು ಒಂದೇ ಒಂದು ಸಲ. ಮುಂದಾಳು ಒಬ್ಬಳೇ ಹೆಸರು ಕೂಗುತ್ತಾಳೆ, ಹೆಸರು ಮುಗಿದಲ್ಲಿ ನಾನು ಒಂದು ಪೆಟ್ಟು ಕೊಡುತ್ತೇನೆ, ಗೋಡೆಗೆ ಕಟ್ಟಿದ ಬಿಳಿ ಬಟ್ಟೆಯನ್ನು ಎಳೆದು ಕೆಳಗೆ ಹಾಕುತ್ತಾರೆ. ಮುಗಿಯಿತು. ಆ ಹೆಸರಿನವರು ಸಮುದ್ರದಾಚೆ ನಮ್ಮ ಹಿರಿಯರು ಬಿಟ್ಟುಬಂದ ಹಳೆಯ ನೆಲಕ್ಕೆ ಹೊರಟರು ಅಂತ ಲೆಕ್ಕ.

ನೂರಿಸ್ ಹುಟ್ಟಿದ ದಿನ ಅವಳು ಅತ್ತ ಅಬ್ಬರಕ್ಕೆ ಓಣಿಯ ಎರಡು ಕತ್ತೆಗಳು ಹಗ್ಗ ಕಿತ್ತುಕೊಂಡು ಓಡಿದವು. ಸುಳ್ಳಲ್ಲ, ಒಂದು ನನ್ನದೇ. ಅದನ್ನು ಹುಡುಕಿ ತರುವಷ್ಟರಲ್ಲಿ ನನ್ನ ತಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. "ಇಲ್ಲಿ ನೋಡೋ ಎವಾರಿಸ್ತೊ, ನನ್ನ ಗಂಟ್ಲು ಇದಕ್ಕೆ ಬಂದಿದೆ. ನನ್ನ ಕೂಗೋರು ಯಾರು ಅಂತ ಇಷ್ಟು ದಿನ ಯೋಚ್ನೆ ಇತ್ತು, ಇನ್ನಿಲ್ಲ ಬಿಡು," ಅಂದಳು.

ಕೂಸಿನ ಅಪ್ಪ ನನ್ನ ತಮ್ಮ ತೊರೀಬಿಯೊ. ಅವಳಮ್ಮ ಕಾರ್ತಹೇನಾದ ಕಡಲ ದಂಡೆಯಲ್ಲಿ ತಲೆಯ ಮೇಲೆ ಬೋಗುಣಿ ಹೊತ್ತು ತೆಂಗಿನಕಾಯಿ ಮಿಠಾಯಿ ಮಾರುವವಳು, ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದಳು. ಹಾಗಾಗಿ ಹುಡುಗಿ ಬೆಳೆದದ್ದೆಲ್ಲ ಅಜ್ಜಿಯ ಸೆರಗಿನಲ್ಲಿ. ತೊರೆಯಲ್ಲಿ ಬಟ್ಟೆ ಒಗೆಯುವಾಗ ಅಜ್ಜಿ ಒಂದು ಸಾಲು, ಮೊಮ್ಮಗಳು ಒಂದು ಸಾಲು. ನಾಲ್ಕು ವರ್ಷಕ್ಕೇ ಅವಳು ಸಾರಿಗೆ ಕೊಯ್ದ ಕೋಳಿಗಳನ್ನೆಲ್ಲ ಹೆಸರಿಟ್ಟು ಕೂಗಿ ಕಳಿಸುತ್ತಿದ್ದಳು. ನಾವು ಊಟಕ್ಕೆ ಕೂತರೆ ಎದುರಿಗೆ ನಿಂತು, "ಓ ಕುಂಟೀ, ಎಲ್ಲಿಗೆ ಹೊರಟೆ," ಅಂತ ಶುರುಮಾಡುತ್ತಿದ್ದಳು. ನನ್ನ ಹೆಂಡತಿಗೆ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. "ಇದೊಂದು ಹಾಡು ನಿಲ್ಸೇ ಮಾರಾಯ್ತಿ, ತೊಡೆ ನಿಂಗೇ ಕೊಡ್ತೀನಿ," ಅನ್ನುತ್ತಿದ್ದಳು. ನೂರಿಸ್ ನಿಲ್ಲಿಸುತ್ತಿರಲಿಲ್ಲ, ಆದರೆ ತೊಡೆಯನ್ನು ಬಿಡುತ್ತಲೂ ಇರಲಿಲ್ಲ.

ಅವಳಿಗೆ ಹನ್ನೊಂದಾದಾಗ ತೊರೀಬಿಯೊ ಗಡಿ ದಾಟಿ ಮರಕಾಯ್ಬೊಗೆ ಗಾರೆ ಕೆಲಸಕ್ಕೆ ಹೋದ. ಹೋಗುವಾಗ ಗಿಟಾರನ್ನು ಮಗಳ ಕೈಗೆ ಕೊಟ್ಟು, "ತಂತಿ ತುಕ್ಕು ಹಿಡೀದಿರೋ ಹಾಗೆ ನೋಡ್ಕೋ, ಬಂದು ಇಸ್ಕೋತೀನಿ," ಅಂದ. ಮೂರು ವರ್ಷದ ಮೇಲೆ ಯಾವನೋ ಒಬ್ಬ ಫೋನು ಮಾಡಿದ. ಜ್ವರ ಬಂದು ತೊರೀಬಿಯೊ ತೀರಿಕೊಂಡ, ಅಲ್ಲೇ ಮಣ್ಣು ಮಾಡಿದೆವು ಅಂದ. ಕಾಗದವಿಲ್ಲ, ಪತ್ರವಿಲ್ಲ, ಅವನ ಅಂಗಿಯೂ ಬರಲಿಲ್ಲ. ತಿರುಗಿ ಫೋನು ಮಾಡಿದರೆ ಆ ನಂಬರು ಸತ್ತಿತ್ತು.

ನಾನು ಅಟ್ಟದಿಂದ ಡೋಲು ಇಳಿಸಲು ಏಣಿ ಹಾಕಿದೆ. ಮಾ ಹಿಲ್ದಾ ಏಣಿಯನ್ನು ಕಾಲಿನಿಂದ ಒದ್ದಳು. ಅರವತ್ತೊಂಬತ್ತು ವರ್ಷದ ಹೆಂಗಸು ಒದ್ದ ಒದೆತಕ್ಕೆ ನಾನು ಏಣಿ ಸಮೇತ ಗೋಡೆಗೆ ಆತುಕೊಂಡೆ.

"ಹೆಣ ಎಲ್ಲೋ? ತೋರ್ಸು. ಹೆಣ ತೋರ್ಸಿದ್ರೆ ಈಗ್ಲೇ ಕೂಗ್ತೀನಿ. ಯಾವನೋ ಫೋನಲ್ಲಿ ಒದರಿದ ಅಂತ ನನ್ನ ಮಗನ್ನ ನಾನೇ ಸಾಯಿಸ್ಲಾ?"

"ಅಜ್ಜೀ," ಅಂದಳು ನೂರಿಸ್. ಹದಿನಾಲ್ಕರ ಹುಡುಗಿ, ಗಿಟಾರನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದಳು. "ಅಪ್ಪ ನಿಜವಾಗ್ಲೂ ಹೋಗಿದ್ರೆ? ಯಾರೂ ಕೂಗ್ದೆ ಅಲ್ಲೇ ನಿಂತಿದ್ರೆ?"

"ನಿಂತಿರ್ಲಿ. ನಿಂತಿದ್ರೆ ವಾಪಸ್ ಬರ್ತಾನೆ."

ಅಲ್ಲಿಗೆ ಮಾತು ಮುಗಿಯಿತು. ಪ್ರತಿ ಭಾನುವಾರ ಮಾ ಹಿಲ್ದಾ ಒಂದು ತಟ್ಟೆ ಹೆಚ್ಚಿಗೆ ಬಡಿಸಿ ಮುಚ್ಚಿಡುತ್ತಿದ್ದಳು. ಸೋಮವಾರ ಅದನ್ನು ಹಂದಿಗೆ ಹಾಕುವುದು ನೂರಿಸಳ ಕೆಲಸ. ಆ ಹುಡುಗಿ ಎಷ್ಟು ಸೋಮವಾರ ಹಂದಿಯ ಮುಂದೆ ನಿಂತು ಅತ್ತಿದ್ದಾಳೋ ನನಗೆ ಗೊತ್ತು. ನಾನು ಏನೂ ಮಾಡಲಿಲ್ಲ. ತಾಯಿಗೆ ಎದುರಾಡುವ ಗಂಡಸು ನಮ್ಮ ಮನೆಯಲ್ಲಿ ಇನ್ನೂ ಹುಟ್ಟಿಲ್ಲ.

ಗಿಟಾರಿನ ತಂತಿಗೆ ತುಕ್ಕು ಹಿಡಿಯಲಿಲ್ಲ. ಹದಿನಾರಕ್ಕೆ ತಾನೇ ಹಾಡು ಕಟ್ಟಲು ಶುರುಮಾಡಿದಳು. ಬೋಗುಣಿ ಹೊತ್ತ ಅಮ್ಮನ ಕುತ್ತಿಗೆಯ ಮೇಲೆ ಒಂದು, ಮಳೆ ಬಂದರೆ ಕೆಸರಿನಲ್ಲಿ ಕೂತುಬಿಡುವ ನಮ್ಮ ಬಸ್ಸಿನ ಮೇಲೆ ಒಂದು, ನನ್ನ ಗೊರಕೆಯ ಮೇಲೂ ಒಂದು. ಆ ಹಾಡು ಕೇಳಿ ಊರೆಲ್ಲ ನಕ್ಕಿತು, ನಾನು ಒಂದು ವಾರ ಅವಳ ಹತ್ತಿರ ಮಾತು ಬಿಟ್ಟೆ. ಆಮೇಲೆ ಕಾರ್ತಹೇನಾದಲ್ಲಿ ಯಾವುದೋ ಜಾತ್ರೆಯಲ್ಲಿ ಅವಳ ಹಾಡು ಕೇಳಿದ ಲಿಸಾಂದ್ರೊ ಅನ್ನುವ ಹುಡುಗ ಬೆನ್ನು ಹತ್ತಿದ. ಬೊಗೊತಾದವನು, ಬಿಸಿಲಿಗೆ ಮೂಗು ಸುಲಿದು ಕೆಂಪಾಗಿರುತ್ತಿತ್ತು, ಆದರೆ ಒಳ್ಳೆಯವನು. ಆಲ್ಬಂ ಮಾಡೋಣ, ಒಂಬತ್ತು ಹಾಡು ಅಂದ. ನಮ್ಮ ವಂಶದಲ್ಲಿ ಇಷ್ಟು ಜನ ಹಾಡಿ ಸತ್ತರು, ಒಬ್ಬರ ದನಿಯೂ ಉಳಿದಿರಲಿಲ್ಲ. ಇವಳದು ಉಳಿಯುತ್ತದೆ ಅಂತ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎಂಟು ಹಾಡು ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಹತ್ತಿರ ಬಂದು ಕೂತಳು. ಆಗ ಅವಳಿಗೆ ಇಪ್ಪತ್ತಮೂರು.

"ದೊಡ್ಡಪ್ಪ, ಒಂಬತ್ತನೇದು ಅಪ್ಪಂದು. ಪೆಚಿಚೆ ಬೇಕು."

"ತಲೆಗಿಲೆ ಕೆಟ್ಟಿದ್ಯೇನೇ? ಅದೇನು ಮದುವೆ ಮನೆ ತಮಟೆನಾ?"

"ಒಂಬತ್ತು ವರ್ಷ ಆಯ್ತು. ಅಜ್ಜಿ ಕೂಗಲ್ಲ, ಊರು ಕೂಗಲ್ಲ. ಅವನು ಅಲ್ಲೆಲ್ಲೋ ಪರದೇಶದಲ್ಲಿ ಹೆಸರಿಲ್ದೆ ಬಿದ್ದಿದಾನೆ. ಇಲ್ಲಿ ಕೂಗೋಕೆ ಬಿಡ್ದಿದ್ರೆ ಸ್ಟುಡಿಯೊದಲ್ಲಾದ್ರೂ ಕೂಗ್ತೀನಿ. ನೀನು ಬರ್ದಿದ್ರೆ ಖಾಲಿ ಡಬ್ಬ ಬಡ್ಕೊಂಡು ಕೂಗ್ತೀನಿ."

ನನಗೂ ಅವನು ತಮ್ಮನಲ್ಲವೇ? ಚಿಕ್ಕಂದಿನಲ್ಲಿ ಅವನನ್ನು ಬೆನ್ನ ಮೇಲೆ ಹೊತ್ತು ತೊರೆ ದಾಟಿಸಿದವನು ನಾನು. ಆ ವಾರ ಮಾ ಹಿಲ್ದಾ ಹಲ್ಲುನೋವಿಗೆ ಪಕ್ಕದೂರಿಗೆ ಹೋದ ದಿನ ನೋಡಿ ಡೋಲು ಇಳಿಸಿದೆ. ಮೂರು ಗೋಣಿಚೀಲ ಸುತ್ತಿ, ಮೇಲೆ ಹೆಗ್ಗೆಣಸು ತುಂಬಿ, ಬಸ್ಸಿಗೆ ಹಾಕಿದೆ. ಡ್ರೈವರು ಎತ್ತಿ ನೋಡಿ, "ಇದೇನ್ ಎವಾರಿಸ್ತೊ, ಇಷ್ಟುದ್ದ ಗೆಣಸು? ಯಾವ ಗೊಬ್ಬರ ಹಾಕಿದ್ಯೋ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸ್ಟುಡಿಯೊ ಅಂದರೆ ಗೋಡೆಗೆಲ್ಲ ಹಾಸಿಗೆ ಹೊಡೆದಂಥ ಒಂದು ಕೋಣೆ. ನೂರಿಸಳ ಓರಗೆಯ ಹುಡುಗ ಹುಡುಗಿಯರು ಹತ್ತು ಜನ ದನಿಗೂಡಿಸಲು ಬಂದಿದ್ದರು. ನಮ್ಮೂರಲ್ಲಿ ಒಂದೇ ವಯಸ್ಸಿನವರೆಲ್ಲ ಒಂದು ಗುಂಪು. ಮದುವೆಗೂ ಅವರೇ, ಮಣ್ಣಿಗೂ ಅವರೇ. ನಾನು ಬಡಿದೆ, ನೂರಿಸ್ ಎತ್ತಿಕೊಂಡಳು. "ತೊರೀಬಿಯೊ, ಎಲ್ಲಿಗೆ ಹೊರಟೆ, ಯಾರನ್ನ ಕೇಳಿ ಹೊರಟೆ?" ಅವರು ತಿರುಗಿ ಕೂಗಿದರು, "ತೊರೀಬಿಯೊ, ಹೇಳಿ ಹೋಗು." ಕೊನೆಯಲ್ಲಿ ಅವಳೊಬ್ಬಳೇ ಹೆಸರು ಕೂಗಿದಳು, ನಾನು ಒಂದು ಪೆಟ್ಟು ಕೊಟ್ಟೆ. ನನ್ನ ಅಂಗಿಯ ಎದೆಯೆಲ್ಲ ಒದ್ದೆಯಾಗಿತ್ತು. ಗಾಜಿನ ಆಚೆಯಿಂದ ಲಿಸಾಂದ್ರೊ ಹೇಳಿದ: "ಅದ್ಭುತ! ಇನ್ನೊಂದ್ಸಲ ಮಾಡೋಣ?"

"ಇನ್ನೊಂದ್ಸಲಾನಾ? ಏನಯ್ಯಾ, ಸಾವನ್ನ ಇನ್ನೊಂದ್ಸಲ ಮಾಡ್ತಾರಾ?"

"ಇಲ್ಲಿ ಮಾಡಬಹುದು ದೊಡ್ಡಪ್ಪ," ಅಂದಳು ನೂರಿಸ್, ಕಣ್ಣೊರೆಸಿಕೊಳ್ಳುತ್ತ. "ಸರಿಯಾಗೋವರೆಗೂ ಮಾಡಬಹುದು."

ಮೂರು ಸಲ ಮಾಡಿದೆವು. ಮೂರು ಸಲ ನನ್ನ ತಮ್ಮನನ್ನು ಕಳಿಸಿಕೊಟ್ಟೆ. ಮೂರನೆಯ ಸಲ ಕಣ್ಣಲ್ಲಿ ನೀರು ಬರಲಿಲ್ಲ. ಲಿಸಾಂದ್ರೊಗೆ ಅದೇ ಹಿಡಿಸಿತು.

ಆಲ್ಬಂ ಬಿಡುಗಡೆ ನಮ್ಮೂರಿನ ಚೌಕದಲ್ಲೇ ಆಗಬೇಕು ಅಂತ ನೂರಿಸ್ ಹಟ ಹಿಡಿದಳು. ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಮನೆಯೆತ್ತರದ ಬಣ್ಣದ ಸ್ಪೀಕರುಗಳನ್ನು ತಂದು ನಿಲ್ಲಿಸಿದರು. ಮಾ ಹಿಲ್ದಾ ಬಿಳಿ ಉಡುಪು ತೊಟ್ಟು, ಮನೆಯಿಂದ ತನ್ನದೇ ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಕೂತಳು. ನಾನು ಪಕ್ಕದಲ್ಲಿ. ಒಂಬತ್ತನೆಯ ಹಾಡಿನ ವಿಷಯ ಅವಳಿಗೆ ನಾವ್ಯಾರೂ ಹೇಳಿರಲಿಲ್ಲ. ಕೇಳಿದರೆ ಕರಗುತ್ತಾಳೆ ಅಂತ ನೂರಿಸ್ ನಂಬಿದ್ದಳು. ನಾನು ನಂಬಿರಲಿಲ್ಲ, ಸುಮ್ಮನಿದ್ದೆ. ನನ್ನ ಬಾಳಿನ ದೊಡ್ಡ ತಪ್ಪುಗಳೆಲ್ಲ ಹೀಗೆ ಸುಮ್ಮನಿದ್ದು ಮಾಡಿದವೇ.

ಎಂಟು ಹಾಡಿಗೆ ಊರು ಕುಣಿಯಿತು. ನನ್ನ ಗೊರಕೆಯ ಹಾಡು ಬಂದಾಗ ಮಾ ಹಿಲ್ದಾ ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕಳು. ಆಮೇಲೆ ಸ್ಪೀಕರಿನಿಂದ ಪೆಚಿಚೆ ಬಂತು.

ಕುಣಿಯುತ್ತಿದ್ದವರು ನಿಂತಲ್ಲೇ ನಿಂತರು. ಮುದುಕರು ಟೋಪಿ ತೆಗೆದರು. ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದಿದ್ದ ಹೆಂಗಸರು ಚಪ್ಪಲಿ ಬಿಟ್ಟು ಓಡಿದರು. ನನ್ನ ತಾಯಿ ಎದ್ದು ನಿಂತು ಸುತ್ತ ನೋಡಿ, "ಯಾರು? ಯಾರು ಹೋದ್ರು?" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಕೈ ನನ್ನ ತೊಡೆಯ ಮೇಲಿತ್ತು. "ನೀನಿಲ್ಲೇ ಇದ್ದೀಯಲ್ಲೋ. ಬಡೀತಿರೋದು ಯಾರು?"

ಅಷ್ಟರಲ್ಲಿ ದನಿ ಬಂತು. ನನ್ನ ತಾಯಿಯದೇ ದನಿ, ಅವಳದೇ ಗಂಟಲು, ಆದರೆ ಅವಳು ಬಾಯಿ ಮುಚ್ಚಿ ನಿಂತಿದ್ದಳು. ಆ ದನಿ ಅವಳ ಮಗನನ್ನು ಹೆಸರು ಹಿಡಿದು ಕಳಿಸುತ್ತಿತ್ತು. ಕೊನೆಯ ಪೆಟ್ಟಿನವರೆಗೂ ಅವಳು ನಿಂತೇ ಕೇಳಿದಳು. ವೇದಿಕೆಯಿಂದ ನೂರಿಸ್ ಇಳಿದು ಓಡಿಬಂದು ಕೈ ಹಿಡಿದರೆ, ಕೈ ಬಿಡಿಸಿಕೊಂಡು, "ಕೊಂದ್ಬಿಟ್ರಲ್ಲೇ ನನ್ನ ಮಗನ್ನ," ಅಂದಳು. ಕೂಗಲಿಲ್ಲ, ಬೈಯಲಿಲ್ಲ. ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ಹೋದಳು. ಮುಂದಿನ ಭಾನುವಾರ ತಟ್ಟೆ ಹೆಚ್ಚಿಗೆ ಬಡಿಸಲಿಲ್ಲ.

ಮೂರು ತಿಂಗಳು ನಮ್ಮಿಬ್ಬರ ಹತ್ತಿರ ಅವಳು ಮಾತಾಡಲಿಲ್ಲ. ಆ ಹೊತ್ತಿಗೆ ಒಂಬತ್ತನೆಯ ಹಾಡು ಊರೂರು ಸುತ್ತುತ್ತಿತ್ತು. ಉಳಿದ ಎಂಟು ಹಾಡನ್ನು ಯಾರೂ ಕೇಳಲಿಲ್ಲ, ಇದೊಂದನ್ನು ಬಿಡಲಿಲ್ಲ. ಬಸ್ಸಿನಲ್ಲಿ ಅದು, ಅಂಗಡಿಯಲ್ಲಿ ಅದು, ಹುಡುಗರ ಫೋನು ರಿಂಗಾದರೆ ಅದು. ನೂರಿಸ್ ಯಾವ ಊರಿಗೆ ಹೋದರೂ ಜನ ಅದನ್ನೇ ಹಾಡು ಅನ್ನುತ್ತಿದ್ದರು. ಅವಳು ಹಾಡುತ್ತಿದ್ದಳು, ಅಪ್ಪನನ್ನು ಎಲ್ಲರೂ ಕೂಗುತ್ತಿದ್ದಾರೆ ಅಂತ ಮೊದಮೊದಲು ಖುಷಿಯೂ ಪಟ್ಟಳು. "ಎಷ್ಟು ಸಲ ಹಾಡಿದೀಯೇ?" ಅಂತ ಒಂದು ದಿನ ಕೇಳಿದೆ. "ನೂರು ದಾಟಿರ್ಬೇಕು ದೊಡ್ಡಪ್ಪ. ಈಗೀಗ ಹಾಡ್ತಾ ಹಾಡ್ತಾ ಊಟಕ್ಕೇನು ಅಂತ ಯೋಚ್ನೆ ಬರತ್ತೆ," ಅಂದಳು. ಹೇಳಿ ಮುಖ ತಿರುಗಿಸಿಕೊಂಡಳು.

ಊರಿನ ಕಿವಿಯೂ ಹಾಗೇ ಸವೆಯಿತು. ಮೊದಲ ತಿಂಗಳು ಡೋಲು ಕೇಳಿದರೆ ಜನ ಬಾಗಿಲಿಗೆ ಬರುತ್ತಿದ್ದರು. ನನ್ನ ತಾಯಿಯ ಓರಗೆಯವಳು ಮಾ ಪೆತ್ರೋನಾ ಅಂತ ಇದ್ದಾಳೆ, ಕೋಲೂರಿಕೊಂಡು ಓಣಿಯ ತುದಿಯವರೆಗೆ ಬಂದು, "ಬಸ್ಸಿಂದಾ? ಹಾಳಾಗಿ ಹೋಗ್ಲಿ," ಅಂತ ವಾಪಸು ಹೋಗುತ್ತಿದ್ದಳು. ಎರಡನೆಯ ತಿಂಗಳು ಬಾಗಿಲಿನಿಂದಲೇ ಇಣುಕುತ್ತಿದ್ದಳು. ಆಮೇಲೆ ಅದೂ ನಿಂತಿತು. ನನಗೆ ಇದೆಲ್ಲ ಕಾಣುತ್ತಿತ್ತು. ಆದರೂ ಏನಾಗುತ್ತಿದೆ ಅಂತ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಜಾತಿಯವನು ನಾನು.

ಮಳೆಗಾಲದ ಮೊದಲಲ್ಲಿ ಮಾ ಹಿಲ್ದಾಳಿಗೆ ಕಾಲು ಊದಿತು. ಒಂದು ಬೆಳಿಗ್ಗೆ ತೊಗರಿಕಾಯಿ ಬಿಡಿಸುತ್ತಾ ಕೂತವಳು, ಅಂಗಳ ಗುಡಿಸುತ್ತಿದ್ದ ನೂರಿಸಳನ್ನು ಕರೆದಳು. ಮೂರು ತಿಂಗಳಲ್ಲಿ ಮೊದಲ ಮಾತು.

"ಕೂತ್ಕೋ. ಕಾಯಿ ಬಿಡಿಸು. ನಿನ್ನ ನಾನು ಕ್ಷಮಿಸಿಲ್ಲ, ತಿಳ್ಕೋ."

"ಗೊತ್ತು ಅಜ್ಜಿ."

"ಆದ್ರೆ ನನ್ನ ದಿನಕ್ಕೆ ಕೂಗೋಳು ನೀನೇ. ಬೇರೆ ಗಂಟ್ಲು ಇಲ್ಲ ಈ ಮನೇಲಿ, ಏನ್ಮಾಡ್ಲಿ? ಹಿಲ್ದಾ ಅಂತ ಸರಿಯಾಗಿ ಕೂಗು. ಅವನು ಹೋಗಿದಾನೆ ಅಂತ ನೀವೇ ಡಂಗುರ ಹೊಡೆದ್ರಲ್ಲ, ಹೋಗಿ ನೋಡ್ತೀನಿ ಇದಾನಾ ಇಲ್ವಾ ಅಂತ. ದಾರಿ ತಪ್ಪಿಸ್ಬೇಡ ನನಗೆ."

"ಇಲ್ಲ ಅಜ್ಜಿ. ಆಣೆ."

"ಆಣೆ ಬೇಡ. ಕಾಯಿ ಬಿಡಿಸು."

ಆಮೇಲೆ ಒಂದು ಹಿಡಿ ತೊಗರಿಕಾಳನ್ನು ಹುಡುಗಿಯ ಬಾಯಿಗೆ ಹಾಕಿದಳು, ಚಿಕ್ಕಂದಿನಲ್ಲಿ ಹಾಕುತ್ತಿದ್ದ ಹಾಗೆ. ನಾನು ಒಳಗೆ ಹೋಗಿ ಅತ್ತೆ.

ಆಗಸ್ಟ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಮಾ ಹಿಲ್ದಾ ನೀರು ಕೇಳಿದಳು. ನೂರಿಸ್ ತಂದು ಕುಡಿಸಿದಳು. ಎರಡು ಗುಟುಕು ಒಳಗೆ ಹೋಯಿತು, ಮೂರನೆಯದು ಬಾಯಿಂದ ಹೊರಗೆ ಬಂತು. ಅಷ್ಟೇ.

ಡೋಲು ಇಳಿಸಿದೆ. ಅಂಗಳದಲ್ಲಿಟ್ಟು ಬಡಿದೆ. ಶುರುಮಾಡಿದ ಮೇಲೆ ಜನ ಸೇರುವವರೆಗೂ ಡೋಲಿನವನು ಕೈ ನಿಲ್ಲಿಸುವಂತಿಲ್ಲ, ಜಾಗ ಬಿಟ್ಟು ಏಳುವಂತಿಲ್ಲ. ನೂರಿಸ್ ಹೆಣದ ಪಕ್ಕ ಮಂಡಿಯೂರಿ ಕೂಗಿದಳು. "ಹಿಲ್ದಾ, ಎಲ್ಲಿಗೆ ಹೊರಟೆ?" ತಿರುಗಿ ಕೂಗಲು ನನ್ನ ಹೆಂಡತಿ ಒಬ್ಬಳೇ ಇದ್ದಳು.

ಯಾರೂ ಬರಲಿಲ್ಲ.

ಬಡಿದೆ. ಕಾಲು ಗಂಟೆ, ಅರ್ಧ ಗಂಟೆ. ಅಂಗೈ ಉರಿಯಿತು. ಹೊರಗೆ ಬೈಕು ಹೋಯಿತು, ನಿಲ್ಲಲಿಲ್ಲ. ನೂರಿಸ್ ಇನ್ನೂ ಜೋರಾಗಿ ಕೂಗಿದಳು. ಜೋರಾದಷ್ಟೂ ಅದು ಆಲ್ಬಮ್ಮಿನ ಹಾಗೇ ಕೇಳುತ್ತಿತ್ತು. ಗೋಡೆಯಾಚೆ ನಿಂತವರಿಗೆ ಹೆಸರು ಎಲ್ಲಿ ತಿಳಿಯಬೇಕು, ಡೋಲು ಅದೇ, ದನಿ ಅದೇ. ಪಕ್ಕದ ಮನೆಯ ಹೆಂಗಸು ಗೋಡೆಯ ಆಚೆಯಿಂದಲೇ ಕೂಗಿ ಹೇಳಿದಳು: "ಸೌಂಡು ಸ್ವಲ್ಪ ಕಮ್ಮಿ ಮಾಡ್ರೋ, ಮಗು ಈಗಷ್ಟೇ ಮಲಗಿದೆ!"

ನೂರಿಸ್ ಕೂಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅಂಥ ನೋಟ ನನ್ನ ಶತ್ರುವಿಗೂ ಬೇಡ. ಎದ್ದು ಹೊರಗೆ ಓಡಿದಳು. ಮುಂದಾಳು ಹೆಣ ಬಿಟ್ಟು ಏಳಬಾರದು, ಸತ್ತವರ ಮನೆಯವರು ಇನ್ನೊಬ್ಬರ ಹೊಸ್ತಿಲಿಗೆ ಹೋಗಬಾರದು. ಎರಡನ್ನೂ ಮಾಡಿದಳು. ಬರಿಗಾಲಲ್ಲಿ ಮನೆ ಮನೆಯ ಬಾಗಿಲು ಬಡಿದು, "ಹಾಡಲ್ಲ, ಹಾಡಲ್ಲ, ನಿಜ. ಅಜ್ಜಿ ಹೋದ್ಲು, ಬನ್ನಿ," ಅನ್ನುತ್ತಾ ಓಣಿ ಓಣಿ ತಿರುಗಿದಳು. ನಾನು ಡೋಲು ಬಿಟ್ಟು ಏಳುವಂತಿರಲಿಲ್ಲ. ಅವಳ ದನಿ ದೂರ ದೂರ ಹೋಗುವುದನ್ನು ಬಡಿಯುತ್ತಲೇ ಕೇಳಿಸಿಕೊಂಡೆ.

ಹೊತ್ತು ಮುಳುಗುವ ಮುಂಚೆ ಎಲ್ಲರೂ ಬಂದರು. ತಲೆ ತಗ್ಗಿಸಿಕೊಂಡು ಬಂದರು. ಮಾ ಪೆತ್ರೋನಾ ನನ್ನ ತಾಯಿಯ ಕೆನ್ನೆ ಮುಟ್ಟಿ, "ತಣ್ಣಗಾಗಿದಾಳಲ್ಲೋ! ನಾನು ಕೇಳಿಸ್ಕೊಂಡೆ ಕಣೋ, ಕೇಳಿಸ್ಕೊಂಡೂ ಕಾಫಿ ಕುಡೀತಾ ಕೂತಿದ್ದೆ," ಅಂತ ಎದೆ ಬಡಿದುಕೊಂಡಳು. ನೂರಿಸ್ ಕಾಲಿನ ರಕ್ತ ಒರೆಸಿಕೊಂಡು ಮತ್ತೆ ಕೂತಳು. "ಹಿಲ್ದಾ, ಎಲ್ಲಿಗೆ ಹೊರಟೆ, ಯಾರನ್ನ ಕೇಳಿ ಹೊರಟೆ?"

ಊರು ತಿರುಗಿ ಕೂಗಿತು: "ತೊರೀಬಿಯೊ, ಹೇಳಿ ಹೋಗು."

ಎಲ್ಲರೂ ಅಲ್ಲ, ಅರ್ಧ ಊರು. ಕೂಗಿದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಾ ಪೆತ್ರೋನಾ ಕೋಲಿನಿಂದ ನೆಲ ಕುಟ್ಟಿ, "ಯಾರ ಹೆಣ ಇದು? ಕಣ್ಣು ಕಾಣ್ಸಲ್ವಾ? ಹಿಲ್ದಾ ಅನ್ರೋ ಬೇವರ್ಸಿಗಳಾ!" ಅಂತ ಚೀರಿದಳು. ಮತ್ತೆ ಶುರುಮಾಡಿದೆವು. ಮತ್ತೆ ಎಲ್ಲೋ ಮೂಲೆಯಿಂದ ಒಬ್ಬಿಬ್ಬರು ತಪ್ಪಿದರು. ಆಮೇಲೆ ಹೆದರಿ ಹೆದರಿ ಕೂಗಿದರು. ಎಂಟು ದಿನ ಹಾಗೇ ನಡೆಯಿತು. ಜನ ಬಾಯಿ ಬಿಗಿಹಿಡಿದು, ಹೆಜ್ಜೆ ನೋಡಿಕೊಂಡು ನಡೆಯುವವರ ಹಾಗೆ ಹೆಸರು ಹೇಳುತ್ತಿದ್ದರು. ಮಾ ಹಿಲ್ದಾ ಅಂಥ ಕೂಗನ್ನು ಬಾಳಿನಲ್ಲಿ ಒಪ್ಪಿದವಳಲ್ಲ. ಆದರೂ ಹೆಸರು ಸರಿಯಾಗಿತ್ತಲ್ಲ ಅಂತ ಸಮಾಧಾನ ಮಾಡಿಕೊಂಡೆ. "ಕೊನೇ ಕೂಗು ನಿನ್ನದೊಬ್ಬಳದೇ. ಅದರಲ್ಲಿ ಯಾರೂ ಕೆಡಿಸೋಕಾಗಲ್ಲ. ಅದೊಂದು ಸರಿಯಾದ್ರೆ ಅಜ್ಜಿ ಹೋಗ್ತಾಳೆ," ಅಂತ ನೂರಿಸಳಿಗೆ ಹೇಳಿದೆ. ಅವಳು ಎಂಟು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಮಲಗಿರಲಿಲ್ಲ. ಕೆಲಸ ಮಾಡುವಾಗೆಲ್ಲ ತುಟಿ ಅಲ್ಲಾಡುತ್ತಿತ್ತು. ಹಿಲ್ದಾ, ಹಿಲ್ದಾ, ಹಿಲ್ದಾ.

ಒಂಬತ್ತನೆಯ ದಿನ ಬೆಳಕು ಹರಿಯಿತು. ಊರಿಗೆ ಊರೇ ಅಂಗಳದಲ್ಲಿ ನಿಂತಿತ್ತು. ಬಿಳಿ ಬಟ್ಟೆಯ ಎರಡು ತುದಿ ಹಿಡಿದು ಇಬ್ಬರು ಹೆಂಗಸರು ತಯಾರಾಗಿದ್ದರು. ನಾನು ಬಡಿತವನ್ನು ನಿಧಾನ ಮಾಡುತ್ತಾ ತಂದು ನಿಲ್ಲಿಸಿ, ಕೈಯೆತ್ತಿ ಹಿಡಿದೆ. ನೂರಿಸ್ ಎದ್ದು ನಿಂತು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡು ಕೂಗಿದಳು. ಅಂಥ ಕೂಗನ್ನು ನಾನು ನನ್ನ ತಾಯಿಯ ಬಾಯಲ್ಲೂ ಕೇಳಿಲ್ಲ. ಗುಡ್ಡದಾಚೆ ಹೋಗುವಷ್ಟು ಉದ್ದ, ಒಂದು ಚೂರು ನಡುಗದೆ.

"ತೊರೀಬಿಯೊ."

ಹೆಸರು ಮುಗಿದಲ್ಲಿ ನನ್ನ ಕೈ ಇಳಿಯಿತು. ಕೈಗೆ ಕಿವಿ ಇಲ್ಲ. ನಲವತ್ತು ವರ್ಷದ ಅಭ್ಯಾಸ, ಪೆಟ್ಟು ಬಿತ್ತು. ಪೆಟ್ಟು ಬಿದ್ದದ್ದೇ ಹೆಂಗಸರು ಬಟ್ಟೆ ಎಳೆದರು. ಬಟ್ಟೆ ನೆಲಕ್ಕೆ ಬಿತ್ತು, ಗೋಡೆ ಬರಿದಾಯಿತು.

ನೂರಿಸ್ ಕಣ್ಣು ಬಿಟ್ಟಳು. ಏನು ಹೇಳಿದೆ ಅಂತ ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ತಿಳಿದುಕೊಂಡಳು. ಮಾ ಪೆತ್ರೋನಾ ಬಟ್ಟೆಯನ್ನು ನೆಲದಿಂದ ಎತ್ತಿ, ಮಡಚಿ, ಎದೆಗೆ ಒತ್ತಿಕೊಂಡು ನಿಂತಳು. ಅವಳೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೂರಿಸ್ ಈಗ ಕಾರ್ತಹೇನಾದಲ್ಲಿ ಅಮ್ಮನ ಜೊತೆ ಮಿಠಾಯಿ ಮಾರುತ್ತಾಳೆ. ಮಿಠಾಯಿಯವರು ಕೂಗಿ ಮಾರಬೇಕು. ಅವಳು ಕೂಗುವುದಿಲ್ಲ, ಬೋಗುಣಿ ಹೊತ್ತು ಸುಮ್ಮನೆ ನಿಂತಿರುತ್ತಾಳೆ, ಕೊಳ್ಳುವವರು ತಾವಾಗಿ ಬಂದರೆ ಉಂಟು. ಆ ಕ್ಯಾಮೆರಾದ ಹುಡುಗನಿಗೆ ಇದನ್ನೆಲ್ಲ ಹೇಗೆ ಹೇಳಲಿ? ಹೇಳಿದ್ದರೂ ಆ ಬೆಳಗಿನ ಕೊನೆಯ ಮಾತನ್ನು ಹೇಳುತ್ತಿರಲಿಲ್ಲ. ಬಟ್ಟೆ ಇಳಿದ ಮೇಲೆ ಅವಳು ಊರಿನವರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದಳು. ಡೋಲಿನ ಎದುರು ಕುಕ್ಕರುಗಾಲಲ್ಲಿ ಕೂತು, ನನ್ನ ಎರಡೂ ಕೈಗಳನ್ನು ಹಿಡಿದು ಚರ್ಮದ ಮೇಲಿಟ್ಟಳು. ಕೋಳಿಗೆ ಹೆಸರಿಟ್ಟು ಕೂಗುತ್ತಿದ್ದ ನಾಲ್ಕು ವರ್ಷದ ಹುಡುಗಿಯ ದನಿಯಲ್ಲಿ ಕೇಳಿದಳು.

"ದೊಡ್ಡಪ್ಪ, ಇನ್ನೊಂದ್ಸಲ ಮಾಡೋಣ?"

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.